ಓದುಗರ ಪ್ರಶ್ನೆ, ನಮ್ಮ ಉತ್ತರ: ಸಭೆಯ ಸ್ವಯಂಸೇವಕರಿಗೆ ನಮ್ಮ ಪ್ರೀತಿ ತಲುಪುತ್ತಿದೆಯೇ?

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕುರಿತವು. ಭಾನುವಾರ ಶಾಲೆಯ ಶಿಕ್ಷಕರು, ಗಾಯಕವೃಂದದವರು, ಹಬ್ಬದ ಅಡುಗೆಗೆ ನಿಲ್ಲುವವರು, ಆಸ್ಪತ್ರೆಗೆ ಹೋಗಿ ರೋಗಿಗಳನ್ನು ಕಂಡು ಬರುವವರು, ಮೈಕು ನೋಡಿಕೊಳ್ಳುವ ಹುಡುಗರು, ಹೀಗೆ ಸಂಬಳವಿಲ್ಲದೆ ಸೇವೆ ಮಾಡುವವರಿಗೆ ಕ್ರೈಸ್ತ ಸಭೆಯು ತನ್ನ ಪ್ರೀತಿಯನ್ನು ಹೇಗೆ ತೋರಿಸಬೇಕೆಂದು ಹಲವರು ಕೇಳಿದ್ದಾರೆ. ಆದುದರಿಂದ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇರಿಸಿಕೊಂಡು ಈ ಬಾರಿಯ ಪುಟಗಳನ್ನು ಪೂರ್ತಿಯಾಗಿ ಇದಕ್ಕೇ ಕೊಟ್ಟಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಪ್ರಕಟಿಸಿಲ್ಲ.

ಪ್ರಶ್ನೆ: ನಮ್ಮದು ಸುಮಾರು 120 ಕುಟುಂಬಗಳ ಸಭೆ. ಪ್ರತಿ ಡಿಸೆಂಬರಿನಲ್ಲಿ ಸ್ವಯಂಸೇವಕರೆಲ್ಲರನ್ನೂ ಮುಂದಕ್ಕೆ ಕರೆದು, ಶಾಲು ಹೊದಿಸಿ, ಸ್ಟೀಲ್ ಡಬ್ಬಿಯನ್ನೋ ಗೋಡೆ ಗಡಿಯಾರವನ್ನೋ ಕೊಟ್ಟು, ಊಟ ಹಾಕಿ ಕಳುಹಿಸುತ್ತೇವೆ. ಆದರೂ ಈ ವರ್ಷ ಭಾನುವಾರ ಶಾಲೆಯ ಇಬ್ಬರು ಶಿಕ್ಷಕಿಯರೂ ಕೀಬೋರ್ಡ್ ನುಡಿಸುತ್ತಿದ್ದ ಸಹೋದರರೂ ಸೇವೆಯನ್ನು ಬಿಟ್ಟರು. ಶಿಕ್ಷಕಿಯರಲ್ಲಿ ಒಬ್ಬರು ಹೋಗುವಾಗ, “ನಾನು ಬಂದರೂ ಬಾರದಿದ್ದರೂ ಇಲ್ಲಿ ಯಾರಿಗೂ ತಿಳಿಯುವುದಿಲ್ಲ” ಎಂದರು. ನಾವು ಇನ್ನೇನು ಮಾಡಬೇಕಾಗಿತ್ತು? ನಮ್ಮ ಸಭೆಯ ನಿಧಿ ದೊಡ್ಡದಲ್ಲ.
– ಸಭಾ ಕಾರ್ಯದರ್ಶಿ, ಗದಗ

ಉತ್ತರ: ಆ ಸಹೋದರಿ ಆಡಿದ ಮಾತನ್ನು ನೀವು ಮುಚ್ಚಿಡದೆ ಬರೆದದ್ದು ಒಳ್ಳೆಯದಾಯಿತು. ಶಾಲು ಅಗ್ಗದ್ದೆಂದೋ ಗಡಿಯಾರ ಚೆನ್ನಾಗಿಲ್ಲವೆಂದೋ ಅವರು ದೂರಲಿಲ್ಲ. ವರ್ಷವಿಡೀ ತಾವು ಮಾಡಿದ ಕೆಲಸವನ್ನು ಯಾರೂ ಹತ್ತಿರದಿಂದ ನೋಡಲಿಲ್ಲವೆಂಬುದೇ ಅವರ ನೋವು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಒಂದೇ ಬಗೆಯ ಶಾಲನ್ನು ಒಂದೇ ಬಗೆಯ ಮಾತಿನೊಂದಿಗೆ ಹೊದಿಸಿದಾಗ, ಕರ್ತವ್ಯ ಮುಗಿಯಿತೆಂಬ ಸಮಾಧಾನ ಸಭಾ ಸಮಿತಿಗೆ ಸಿಗುತ್ತದೆ. ಆದರೆ ತನ್ನ ಜಾಗದಲ್ಲಿ ಬೇರೆ ಯಾರು ನಿಂತಿದ್ದರೂ ಇದೇ ಶಾಲು ಬರುತ್ತಿತ್ತಲ್ಲ ಎಂದು ಅದನ್ನು ಹೊದ್ದವರಿಗೆ ಅನ್ನಿಸುವುದು ಸಹಜ.

ಸತ್ಯವೇದದಲ್ಲಿ ಅಪೊಸ್ತಲನಾದ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಹದಿನಾರನೆಯ ಅಧ್ಯಾಯವನ್ನು ನಾವು ಬರೀ ಹೆಸರುಗಳ ಪಟ್ಟಿಯೆಂದು ದಾಟಿಬಿಡುತ್ತೇವೆ. ದಯವಿಟ್ಟು ಅದನ್ನು ನಿಮ್ಮ ಸಮಿತಿಯ ಮುಂದಿನ ಸಭೆಯಲ್ಲಿ ನಿಧಾನವಾಗಿ ಓದಿಸಿ. ಪೌಲನು ಆಗ ರೋಮಾಪುರಕ್ಕೆ ಇನ್ನೂ ಕಾಲಿಟ್ಟಿರಲಿಲ್ಲ. ಆದರೂ 20ಕ್ಕೂ ಹೆಚ್ಚು ಮಂದಿಯನ್ನು ಹೆಸರು ಹಿಡಿದು ವಂದಿಸುತ್ತಾನೆ. ಕೆಂಖ್ರೆಯ ಸಭೆಯ ಸೇವಕಳಾದ ಫೊಯಿಬೆ ಅನೇಕರಿಗೆ ಸಹಾಯ ಮಾಡಿದಳು, ತನಗೂ ಮಾಡಿದಳು ಎನ್ನುತ್ತಾನೆ. ಪ್ರಿಸ್ಕ ಮತ್ತು ಅಕ್ವಿಲ ತನ್ನ ಪ್ರಾಣಕ್ಕಾಗಿ ತಮ್ಮ ಕೊರಳನ್ನೇ ಒಡ್ಡಿದರೆಂದು ನೆನೆಯುತ್ತಾನೆ. ಪೆರ್ಸೀಸಳು ಬಹಳ ದುಡಿದಳೆನ್ನುತ್ತಾನೆ. ರೂಫನ ತಾಯಿಯ ವಿಷಯ ಬಂದಾಗ, ಆಕೆ ತನಗೂ ತಾಯಿಯಂತಿದ್ದಳೆಂದು ಬರೆಯುತ್ತಾನೆ. ಒಬ್ಬರಿಗೆ ಹೇಳಿದ ಮಾತು ಇನ್ನೊಬ್ಬರಿಗೆ ಹೊಂದುವುದಿಲ್ಲ. ಅವರವರು ಮಾಡಿದ್ದು ಅವನಿಗೆ ಗೊತ್ತಿತ್ತು, ಗೊತ್ತಿದ್ದುದನ್ನು ಇಡೀ ಸಭೆಯ ಕಿವಿಗೆ ಬೀಳುವಂತೆ ಹೇಳಿದನು.

ನಿಮ್ಮ ಸಭೆಯಲ್ಲಿ ಕರ್ತನಾದ ಯೇಸುವಿನ ನೆನಪಿನ ಭೋಜನದ ಮೇಜನ್ನು ಸಿದ್ಧಪಡಿಸುವವರು ಯಾರು? ಶನಿವಾರ ಸಂಜೆ ಎಲ್ಲರೂ ಮನೆಯಲ್ಲಿರುವ ಹೊತ್ತಿಗೆ ಅವರು ದೇವಾಲಯದ ಬೀಗ ತೆಗೆದು, ಪಾತ್ರೆಗಳನ್ನು ತೊಳೆದು ಒರೆಸಿ, ಬಿಳಿಯ ಮೇಜುಬಟ್ಟೆಯ ಮೇಲೆ ಕಳೆದ ಸಲ ಬಿದ್ದ ಮೇಣದ ಹನಿಯ ಮೇಲೆ ಅಚ್ಚಿಲ್ಲದ ಕಾಗದದ ಹಾಳೆಯನ್ನಿಟ್ಟು ಬಿಸಿ ಇಸ್ತ್ರಿಯನ್ನು ಒತ್ತಿ, ಮೇಣವು ಕಾಗದಕ್ಕೆ ಹೀರಿಕೊಳ್ಳುವವರೆಗೆ ಮತ್ತೆ ಮತ್ತೆ ಹಾಳೆ ಬದಲಿಸಿ, ಬಟ್ಟೆಯನ್ನು ಮಡಿಕೆ ಬೀಳದಂತೆ ಹಾಸಿ ಮನೆಗೆ ಹೋಗುತ್ತಾರೆ. ಭಾನುವಾರ ನಮ್ಮ ಕಣ್ಣಿಗೆ ಬೀಳುವುದು ಬೆಳ್ಳಗಿನ ಬಟ್ಟೆ ಮಾತ್ರ. ಆ ಕೆಲಸವನ್ನು ಒಮ್ಮೆಯಾದರೂ ಪಕ್ಕದಲ್ಲಿ ನಿಂತು ನೋಡಿದ ಸಭಾಪಾಲಕರು ಅಥವಾ ಕಾರ್ಯದರ್ಶಿ ಆಡುವ ಧನ್ಯವಾದಕ್ಕೂ, ನೋಡದೆ ಆಡುವ ಧನ್ಯವಾದಕ್ಕೂ ಇರುವ ವ್ಯತ್ಯಾಸವನ್ನು ಕೇಳುವವರು ಕೂಡಲೇ ಗುರುತಿಸುತ್ತಾರೆ.

ಆದುದರಿಂದ ನನ್ನ ಮೊದಲ ಸಲಹೆಗೆ ಹಣ ಬೇಕಾಗಿಲ್ಲ. ಸಮಿತಿಯ ಸದಸ್ಯರು ತಲಾ ಒಬ್ಬಿಬ್ಬರು ಸ್ವಯಂಸೇವಕರ ಹೊಣೆಯನ್ನು ಹೊತ್ತು, ಅವರು ಕೆಲಸ ಮಾಡುವ ಹೊತ್ತಿನಲ್ಲಿಯೇ ಹೋಗಿ ನೋಡಲಿ. ತಪಾಸಣೆಗೆ ಬಂದವರಂತೆ ಹೋಗಬಾರದು. ಕೈಗೆ ಸಿಕ್ಕ ಕೆಲಸವನ್ನು ಮಾಡುತ್ತ ನೋಡಬೇಕು. ಆಮೇಲೆ ಹೇಳುವ ಮಾತು ತಾನಾಗಿಯೇ ಬೇರೆಯಾಗುತ್ತದೆ. “ನಿಮ್ಮ ಸೇವೆಗೆ ಧನ್ಯವಾದಗಳು” ಎಂಬುದು ಯಾರಿಗೆ ಬೇಕಾದರೂ ಹೇಳಬಹುದಾದ ಮಾತು. “ಕಳೆದ ವಾರ ಅಳುತ್ತಿದ್ದ ಆ ಹೊಸ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡೇ ನೀವು ಪಾಠವನ್ನು ಮುಗಿಸಿದಿರಿ, ಆ ಮಗು ಮನೆಯಲ್ಲಿ ವಾರವೆಲ್ಲ ನೀವು ಕಲಿಸಿದ ಹಾಡನ್ನೇ ಹಾಡುತ್ತಿತ್ತೆಂದು ಅದರ ತಾಯಿ ಹೇಳಿದರು” ಎಂಬ ಮಾತು ಆ ಶಿಕ್ಷಕಿಗೆ ಮಾತ್ರ ಸಲ್ಲುತ್ತದೆ, ಅವರ ಮನಸ್ಸಿನಲ್ಲಿ ಬಹುಕಾಲ ಉಳಿಯುತ್ತದೆ.

ಎರಡನೆಯದಾಗಿ, ಈ ಸೇವೆಗೆ ಅವರು ತಮ್ಮ ಕೈಯಿಂದ ಎಷ್ಟು ಖರ್ಚು ಮಾಡುತ್ತಿದ್ದಾರೆಂದು ಎಂದಾದರೂ ಕೇಳಿದ್ದೀರಾ? ಚಾರ್ಟ್ ಹಾಳೆ, ಬಣ್ಣದ ಪೆನ್ಸಿಲ್, ಜೆರಾಕ್ಸ್, ಮಕ್ಕಳಿಗೆ ಬಿಸ್ಕತ್ತು, ಮಳೆಗಾಲದಲ್ಲಿ ಆಟೋ ಬಾಡಿಗೆ, ಆಸ್ಪತ್ರೆ ಭೇಟಿಗೆ ಪೆಟ್ರೋಲು ಇವೆಲ್ಲ ಸಣ್ಣ ಮೊತ್ತಗಳೇ; ಆದರೆ ತಿಂಗಳ ಸಂಬಳವನ್ನು ಎಣಿಸಿ ಖರ್ಚು ಮಾಡುವ ಮನೆಯಲ್ಲಿ ಅವು ಸಣ್ಣವಲ್ಲ. ದೇವರ ಕೆಲಸಕ್ಕೆ ಲೆಕ್ಕ ಕೇಳಿದಂತಾಗುತ್ತದೆಂಬ ಸಂಕೋಚದಿಂದ ಅವರು ಬಾಯಿ ಬಿಡುವುದಿಲ್ಲ. ಆ ಸಂಕೋಚವನ್ನು ಸಭೆ ತನ್ನ ಅನುಕೂಲಕ್ಕೆ ಬಳಸಿಕೊಳ್ಳುವುದು ಸರಿಯಲ್ಲ. ಖಜಾಂಚಿಯವರೇ ಮೂರು ತಿಂಗಳಿಗೊಮ್ಮೆ ಅವರ ಬಳಿಗೆ ಹೋಗಿ ಕೇಳಿ ಕೊಡುವ ಏರ್ಪಾಡು ಇರಲಿ. ಬೇಡವೆನ್ನುವವರು ಅದನ್ನು ಕಾಣಿಕೆಯಾಗಿ ಹಿಂದಿರುಗಿಸಲಿ. ನಿಧಿ ಚಿಕ್ಕದೆಂದಿದ್ದೀರಿ. ಹಾಗಿದ್ದರೆ ಗೋಡೆ ಗಡಿಯಾರದ ಹಣವನ್ನು ಇದಕ್ಕೆ ತಿರುಗಿಸುವುದೇ ಮೇಲು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಮೂರನೆಯ ಮಾತು ಎಲ್ಲಕ್ಕಿಂತ ಮುಖ್ಯವಾದುದು, ನಮ್ಮ ಸಭೆಗಳು ಅತಿ ಕಡಿಮೆ ಯೋಚಿಸುವುದೂ ಇದನ್ನೇ. ಒಳ್ಳೆಯ ಸ್ವಯಂಸೇವಕರ ಮೇಲೆ ನಾವು ಮತ್ತೊಂದು ಕೆಲಸವನ್ನು ಹೇರುತ್ತೇವೆ. ಕೀಬೋರ್ಡ್ ನುಡಿಸುವವರೇ ಯುವಜನ ಕೂಟವನ್ನೂ ನಡೆಸಬೇಕು, ಮಕ್ಕಳ ಬೇಸಿಗೆ ರಜೆಯ ಬೈಬಲ್ ಶಾಲೆಯಾದ ವಿ.ಬಿ.ಎಸ್.ಗೆ ಹಾಡನ್ನೂ ಕಲಿಸಬೇಕು, ಕ್ರಿಸ್ಮಸ್ ತಿಂಗಳಲ್ಲಿ ರಾತ್ರಿ ಮನೆಮನೆಗೆ ಹಾಡಲು ಹೋಗುವ ತಂಡದೊಂದಿಗೂ ಇರಬೇಕು. ಒಲ್ಲೆನೆಂದರೆ ಭಕ್ತಿ ಕುಂದಿತೆಂದು ಆಡಿಕೊಳ್ಳುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ನ್ಯಾಯ ತೀರಿಸುತ್ತ ಕುಳಿತಿದ್ದ ಮೋಶೆಯನ್ನು ಕಂಡು ಅವನ ಮಾವ ಇತ್ರೋ ಅವನ ಶ್ರದ್ಧೆಯನ್ನು ಹೊಗಳಲಿಲ್ಲ. ನೀನು ಮಾಡುತ್ತಿರುವುದು ಸರಿಯಲ್ಲ, ನೀನೂ ಬಳಲುವಿ, ಜನರೂ ಬಳಲುವರು ಎಂದು ಹೇಳಿ, ಸಾವಿರ, ನೂರು, ಐವತ್ತು, ಹತ್ತು ಮಂದಿಗೆ ಒಬ್ಬೊಬ್ಬರಂತೆ ಹೊಣೆ ಹಂಚಲು ದಾರಿ ತೋರಿಸಿದನು. ವಿಮೋಚನಕಾಂಡದ ಹದಿನೆಂಟನೆಯ ಅಧ್ಯಾಯದಲ್ಲಿರುವ ಈ ಪ್ರಸಂಗವನ್ನು ಆಡಳಿತದ ಪಾಠವೆಂದು ಬೋಧಿಸುತ್ತೇವೆ. ಅದು ಮಾವನೊಬ್ಬನು ಅಳಿಯನಿಗೆ ತೋರಿಸಿದ ಪ್ರೀತಿಯೂ ಹೌದು. ಪ್ರವಾದಿಯಾದ ಎಲೀಯನು ಸಾಕಪ್ಪಾ ಎಂದು ಗಿಡದ ಕೆಳಗೆ ಮಲಗಿದಾಗ ದೇವದೂತನು ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ನೀರನ್ನೂ ಕೊಟ್ಟು, ಮತ್ತೆ ಮಲಗಲು ಬಿಟ್ಟು, ಮತ್ತೆ ಎಬ್ಬಿಸಿ ಉಣ್ಣಿಸಿದನು.

ಪ್ರತಿ ಸೇವೆಗೂ ಎರಡು ವರ್ಷವೆಂದೋ ಮೂರು ವರ್ಷವೆಂದೋ ಅವಧಿಯನ್ನು ಗೊತ್ತುಮಾಡಿ. ಅವಧಿ ಮುಗಿದಾಗ ಮುಂದುವರಿಯುತ್ತೀರಾ, ಸ್ವಲ್ಪ ಕಾಲ ಬಿಡುವು ಬೇಕೇ ಎಂದು ಕೇಳಿ. ಸೇವೆಗೆ ಒಳಬರುವ ಬಾಗಿಲನ್ನು ಇಟ್ಟಂತೆ ಗೌರವದಿಂದ ಹೊರಹೋಗುವ ಬಾಗಿಲನ್ನೂ ಸಭೆ ಇಡಬೇಕು; ಇಲ್ಲದಿದ್ದರೆ ಜನರು ಮುನಿಸಿಕೊಂಡೇ ಹೊರಗೆ ಹೋಗಬೇಕಾಗುತ್ತದೆ. ಎಪಫ್ರೊದೀತನು ಫಿಲಿಪ್ಪಿಯ ಸಭೆಯ ಪರವಾಗಿ ಪೌಲನ ಸೇವೆಗೆ ಹೋಗಿ, ಅಲ್ಲಿ ಕಾಯಿಲೆ ಬಿದ್ದು ಸಾಯುವ ಸ್ಥಿತಿಗೆ ಬಂದನು. ಪೌಲನು ಅವನನ್ನು ಊರಿಗೆ ಕಳುಹಿಸುವಾಗ, ಕೆಲಸವನ್ನು ಅರ್ಧಕ್ಕೆ ಬಿಟ್ಟು ಬಂದವನೆಂದು ಯಾರೂ ಹಗುರವಾಗಿ ಕಾಣದಂತೆ, ಇಂಥವರನ್ನು ಸನ್ಮಾನಿಸಿರಿ ಎಂದು ಪತ್ರದಲ್ಲಿಯೇ ಬರೆದು ಕಳುಹಿಸಿದನು.

ಶಾಲನ್ನು ನಿಲ್ಲಿಸಬೇಕೆಂದು ನಾನು ಹೇಳುತ್ತಿಲ್ಲ. ಶಾಲು ಹೊದಿಸಿ ಗೌರವಿಸುವುದು ನಮ್ಮ ನಾಡಿನ ಒಳ್ಳೆಯ ರೂಢಿ. ಆದರೆ ಪ್ರತಿಯೊಬ್ಬರಿಗೂ ಹೊದಿಸುವಾಗ ಅವರ ಸೇವೆಯ ಬಗ್ಗೆ ಅವರಿಗೇ ಸಲ್ಲುವ ಎರಡು ವಾಕ್ಯಗಳನ್ನು ಬರೆದುಕೊಂಡು ಬಂದು ಓದಿ. ಆ ದಿನ ಕುರ್ಚಿ ಹಾಕುವುದು, ಬಡಿಸುವುದು, ಪಾತ್ರೆ ತೊಳೆಯುವುದು ಸಮಿತಿಯವರ ಕೆಲಸವಾಗಲಿ. ತಮ್ಮ ಸನ್ಮಾನಕ್ಕೆ ತಾವೇ ಶಾಮಿಯಾನ ಕಟ್ಟಿ, ತಾವೇ ಅಡುಗೆ ಮಾಡಿ, ಶಾಲು ಹೊದ್ದ ಕೈಯಲ್ಲೇ ಎಲೆ ಎತ್ತಬೇಕಾದ ಸ್ಥಿತಿ ಎಷ್ಟೋ ಸಭೆಗಳಲ್ಲಿದೆ.

ಬಿಟ್ಟು ಹೋದ ಮೂವರ ಮನೆಗೂ ಸಭಾಪಾಲಕರೊಂದಿಗೆ ಹೋಗಿ ಬನ್ನಿ. ಮತ್ತೆ ಸೇವೆಗೆ ಬನ್ನಿರೆಂದು ಅಂದು ಕರೆಯಬೇಡಿ, ಏಕೆಂದರೆ ಆ ಮಾತು ಬಂದ ಕೂಡಲೇ ನೀವು ಕೆಲಸಕ್ಕಾಗಿ ಬಂದವರಾಗುತ್ತೀರಿ. ಅವರು ಹೇಳುವುದನ್ನು ಕೇಳಿ, ಅವರು ಮಾಡಿದ್ದನ್ನು ನೆನೆದು, ಅವರ ಮನೆಯವರಿಗೂ ಕೃತಜ್ಞತೆ ಹೇಳಿ, ಪ್ರಾರ್ಥಿಸಿ ಬನ್ನಿ.

ಪ್ರಶ್ನೆ: ಮನುಷ್ಯರ ಹೊಗಳಿಕೆಗೆ ಆಸೆಪಡಬಾರದು, ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದು ಎಂದು ಕರ್ತನೇ ಬೋಧಿಸಿದ್ದಾನೆ. ಹೀಗಿರುವಾಗ ಸೇವಕರನ್ನು ಸಭೆಯಲ್ಲಿ ಹೊಗಳುವುದು ಅವರಲ್ಲಿ ಗರ್ವವನ್ನು ಹುಟ್ಟಿಸುವುದಿಲ್ಲವೇ? ಪ್ರತಿಫಲವನ್ನು ಪರಲೋಕಕ್ಕೆ ಬಿಡಬಾರದೇ?
– ಸಭಾ ಹಿರಿಯರು, ಚಿಕ್ಕಮಗಳೂರು

ಉತ್ತರ: ಹಿರಿಯರೇ, ನಿಮ್ಮ ಕಾಳಜಿಯನ್ನು ಗೌರವಿಸುತ್ತೇನೆ. ಆದರೆ ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದ ಆ ಬೋಧನೆಯನ್ನು ಕರ್ತನು ಕೊಡುವವರಿಗೆ ಹೇಳಿದನೇ ಹೊರತು ಪಡೆಯುವವರಿಗೆ ಹೇಳಲಿಲ್ಲ. ಸೇವೆ ಮಾಡುವವನು ತುತ್ತೂರಿ ಊದಿಸಿಕೊಳ್ಳಬಾರದು ಎಂಬುದು ನಿಜ. ಅದರಿಂದ ಸೇವೆಯನ್ನು ಪಡೆದವರು ಬಾಯಿ ಮುಚ್ಚಿಕೊಂಡಿರಬೇಕೆಂಬ ಅರ್ಥ ಹೊರಡುವುದಿಲ್ಲ. ಅದೇ ಕರ್ತನು, ಹತ್ತು ಮಂದಿ ಕುಷ್ಠರೋಗಿಗಳಲ್ಲಿ ಒಬ್ಬ ಸಮಾರ್ಯದವನು ಮಾತ್ರ ಹಿಂದಿರುಗಿ ಬಂದು ಉಪಕಾರ ಸ್ಮರಿಸಿದಾಗ, ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಕೇಳಿದನು. ಬೇಥಾನ್ಯದಲ್ಲಿ ತನ್ನ ತಲೆಯ ಮೇಲೆ ಸುಗಂಧತೈಲವನ್ನು ಹೊಯ್ದ ಸ್ತ್ರೀಯನ್ನು ಜನರು ಗದರಿಸುತ್ತಿರುವಾಗ, ಅವರೆಲ್ಲರ ಮುಂದೆಯೇ ಆಕೆಯ ಪಕ್ಷ ವಹಿಸಿ, ಸುವಾರ್ತೆ ಸಾರಲ್ಪಡುವಲ್ಲೆಲ್ಲಾ ಆಕೆ ಮಾಡಿದ್ದನ್ನು ನೆನೆಯುವರೆಂದು ಹೇಳಿದನು.

ಗರ್ವ ಹುಟ್ಟುವುದು ಸತ್ಯವಾದ ಮೆಚ್ಚುಗೆಯಿಂದಲ್ಲ, ಹೋಲಿಕೆಯಿಂದ. “ಇವರಂತೆ ಯಾರೂ ಮಾಡಲಾರರು”, “ಈ ಸಭೆ ನಿಂತಿರುವುದೇ ಇವರಿಂದ” ಎಂಬಂಥ ಮಾತುಗಳನ್ನು ಬಿಟ್ಟುಬಿಡಿ. ಅವು ಹೊಗಳಿಸಿಕೊಂಡವರಿಗೂ ಕೆಟ್ಟವು, ಕೇಳುತ್ತ ಕುಳಿತ ಉಳಿದ ಸೇವಕರಿಗೂ ಕೆಟ್ಟವು. ಮಾಡಿದ ಕೆಲಸವನ್ನು ಇದ್ದಂತೆ ಹೇಳಿ, ಅದರಿಂದ ಯಾರಿಗೆ ಏನು ಒಳಿತಾಯಿತೆಂದು ಹೇಳಿ, ಅವರನ್ನು ಕೊಟ್ಟ ದೇವರಿಗೆ ಸ್ತೋತ್ರ ಸಲ್ಲಿಸಿ. ಪೌಲನು ತನ್ನ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಮಾಡಿದ್ದು ಇದನ್ನೇ. ಪರಲೋಕದ ಪ್ರತಿಫಲವನ್ನು ಕೊಡುವವನು ದೇವರು. ಇಲ್ಲಿ ಕೃತಜ್ಞತೆ ಹೇಳಬೇಕಾದವರು ನಾವು. ಆತನು ಕೊಡುವನೆಂದು ನಾವು ಹೇಳಬೇಕಾದುದನ್ನು ಉಳಿಸಿಕೊಂಡರೆ ಅದು ಭಕ್ತಿಯಾಗದು.

ಪ್ರಶ್ನೆ: ನಾನು ಮದುವೆಯಾಗಿ ಬಂದಂದಿನಿಂದ ನಮ್ಮ ಸಭೆಯ ಸುಗ್ಗಿ ಹಬ್ಬಕ್ಕೂ ಕೂಟಗಳಿಗೂ ಅಡುಗೆ ಮಾಡುವ ಹೆಂಗಸರ ತಂಡದಲ್ಲಿದ್ದೇನೆ. ಬೆಳಗಿನ ಜಾವಕ್ಕೆ ಒಲೆ ಹೊತ್ತಿಸುತ್ತೇವೆ. ಆರಾಧನೆಯ ಹಾಡು ಕೇಳಿಸುತ್ತದೆ, ಪ್ರಸಂಗ ಕೇಳಿಸುವುದಿಲ್ಲ. ಕೊನೆಯಲ್ಲಿ ವೇದಿಕೆಯ ಮೇಲಿರುವ ಗಂಡಸರಿಗೆ ಹಾರ ಬೀಳುತ್ತದೆ, “ಅಡುಗೆ ಮಾಡಿದ ತಾಯಂದಿರಿಗೂ ವಂದನೆ” ಎಂದು ಒಂದು ಮಾತು ಬರುತ್ತದೆ. ನನಗೆ ಹಾರ ಬೇಡ. ಆದರೂ ಮನಸ್ಸು ನೋಯುತ್ತದೆ. ಹೀಗೆ ನೊಂದುಕೊಳ್ಳುವುದು ಪಾಪವೇ?
– ಒಬ್ಬ ಸಹೋದರಿ, ಮೈಸೂರು

ಉತ್ತರ: ಇಲ್ಲ, ಅಕ್ಕಾ, ಅದು ಪಾಪವಲ್ಲ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಹಾರದ ಮಾತಲ್ಲ, ಪ್ರಸಂಗ ಕೇಳಿಸುವುದಿಲ್ಲವೆಂಬ ಮಾತು. ಹಬ್ಬದ ದಿನ ಇಡೀ ಸಭೆ ವಾಕ್ಯವನ್ನು ಕೇಳುತ್ತಿರುವಾಗ ಅದೇ ಹೆಂಗಸರು ಪ್ರತಿ ವರ್ಷವೂ ಹೊಗೆಯಲ್ಲಿ ನಿಂತಿರುತ್ತಾರೆಂದರೆ, ಅದು ಧನ್ಯವಾದದ ಕೊರತೆಗಿಂತ ದೊಡ್ಡ ಕೊರತೆ. ಇದನ್ನು ನಿಮ್ಮ ಸಭಾಪಾಲಕರಾದ ಅಯ್ಯನವರಿಗೆ ನೀವೇ ಹೇಳಲು ಹಿಂಜರಿಯುವಿರಾದರೆ ಈ ಪುಟವನ್ನು ಅವರಿಗೆ ತೋರಿಸಿ; ಮುಂದಿನ ಮಾತುಗಳನ್ನು ಅವರಿಗಾಗಿಯೇ ಬರೆಯುತ್ತಿದ್ದೇನೆ.

ಅಯ್ಯನವರೇ, ಪುನರುತ್ಥಾನನಾದ ಕರ್ತನು ತಿಬೇರಿಯ ಸಮುದ್ರದ ದಡದಲ್ಲಿ, ರಾತ್ರಿಯೆಲ್ಲ ಬಲೆ ಬೀಸಿ ದಣಿದ ಶಿಷ್ಯರಿಗಾಗಿ ತಾನೇ ಕೆಂಡ ಮಾಡಿ, ಮೀನನ್ನೂ ರೊಟ್ಟಿಯನ್ನೂ ಸಿದ್ಧಪಡಿಸಿ, ಬಂದು ಊಟಮಾಡಿರಿ ಎಂದು ಕರೆದನು. ಮರಣವನ್ನು ಗೆದ್ದವನು ಒಲೆಯ ಮುಂದೆ ಕುಳಿತಿದ್ದಾನೆ. ಈ ಭಾಗದ ಮೇಲೆ ಬೋಧಿಸುವ ನಾವು ಅಡುಗೆಮನೆಯನ್ನು ಹೆಂಗಸರಿಗೇ ಮೀಸಲಿಡುವುದು ಹೇಗೆ ಸರಿಯಾದೀತು? ಮುಂದಿನ ಸುಗ್ಗಿ ಹಬ್ಬದಲ್ಲಿ ಅಡುಗೆಯನ್ನು ಎರಡು ಸರದಿಯಾಗಿ ಹಂಚಿ. ತರಕಾರಿ ಹೆಚ್ಚುವುದು, ಅಕ್ಕಿ ಬೇಳೆ ತೊಳೆಯುವುದು, ದೊಡ್ಡ ಹಂಡೆಗಳನ್ನು ಇಳಿಸುವುದು, ಬಡಿಸುವುದು, ಕೊನೆಗೆ ತಳ ಹಿಡಿದ ಪಾತ್ರೆಗಳನ್ನು ತಿಕ್ಕುವುದು ಇವುಗಳಿಗೆ ಯುವಕರನ್ನೂ ಸಮಿತಿಯ ಗಂಡಸರನ್ನೂ ಹೆಸರು ಬರೆದು ನೇಮಿಸಿ. ಖರ್ಚು ಹೊಂದುವುದಾದರೆ ಒಂದು ವರ್ಷ ಅಡುಗೆಯವರನ್ನು ಕರೆಸಿ, ಆ ವರ್ಷ ಈ ತಾಯಂದಿರನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿ ನೀವು ಬಡಿಸಿ. ಪ್ರಸಂಗ ಮಾಡುವ ಕಡೆಯಿಂದ ಅಡುಗೆಯ ಜಾಗಕ್ಕೆ ಒಂದು ಸ್ಪೀಕರನ್ನಾದರೂ ಹಾಕಿಸಿ. ಇನ್ನು, “ಅಡುಗೆ ಮಾಡಿದ ತಾಯಂದಿರು” ಎಂದು ಒಟ್ಟಾಗಿ ಹೇಳಿ ಮುಗಿಸಬೇಡಿ, ಅವರಿಗೆ ಹೆಸರುಗಳಿವೆ. ಯೆರೂಸಲೇಮಿನ ಗೋಡೆಯನ್ನು ಕಟ್ಟಿದವರ ಪಟ್ಟಿಯನ್ನು ನೆಹೆಮೀಯನು ಬರೆದಿಟ್ಟಾಗ ಶಲ್ಲೂಮನೊಂದಿಗೆ ಅವನ ಹೆಣ್ಣುಮಕ್ಕಳೂ ಜೀರ್ಣೋದ್ಧಾರದ ಕೆಲಸ ಮಾಡಿದರೆಂಬುದನ್ನು ಬಿಡದೆ ಬರೆದನು.

ಅಕ್ಕಾ, ನಿಮಗೊಂದು ಮಾತು. ಈ ವರ್ಷ ಬೇಡವೆನ್ನಬೇಕೆಂದು ನಿಮಗೆ ಅನ್ನಿಸಿದರೆ ಬೇಡವೆನ್ನಿ. ಹಬ್ಬದ ದಿನ ನಿಮ್ಮ ಮಕ್ಕಳ ಪಕ್ಕದಲ್ಲಿ ಕುಳಿತು ಆರಾಧಿಸಿ. ಸೇವೆಯನ್ನು ಒಂದು ವರ್ಷ ಇನ್ನೊಬ್ಬರಿಗೆ ಬಿಟ್ಟುಕೊಟ್ಟದ್ದಕ್ಕೆ ಕರ್ತನು ನಿಮ್ಮ ಮೇಲೆ ಬೇಸರಪಡುವುದಿಲ್ಲ.

ಪ್ರಶ್ನೆ: ನಾನು ಕುವೈತ್‌ನಲ್ಲಿದ್ದೇನೆ. ಶುಕ್ರವಾರ ರಜೆಯಾದ್ದರಿಂದ ನಮ್ಮ ಕನ್ನಡ ಕೂಟದ ಆರಾಧನೆ ಅಂದೇ ನಡೆಯುತ್ತದೆ. ಕೂಟವನ್ನು ಸಜ್ಜುಗೊಳಿಸುವವರು, ವ್ಯಾನು ಓಡಿಸಿ ಜನರನ್ನು ಕರೆತರುವವರು ಹೆಚ್ಚಾಗಿ ಊರಿನಲ್ಲಿ ಕುಟುಂಬವನ್ನು ಬಿಟ್ಟು ಬಂದು, ಒಂದೇ ಕೋಣೆಯಲ್ಲಿ ನಾಲ್ಕಾರು ಮಂದಿ ಇರುವ ಯುವಕರು. ಅವರಿಗೆ ನಾವು ಏನು ಮಾಡಬಹುದು?
– ಓದುಗರು, ಕುವೈತ್

ಉತ್ತರ: ಅವರಿಗಿರುವ ರಜೆ ಅದೊಂದೇ ದಿನ, ಬಟ್ಟೆ ಒಗೆಯುವುದೂ ನಿದ್ದೆ ಮಾಡುವುದೂ ಊರಿಗೆ ಫೋನು ಮಾಡುವುದೂ ಆ ದಿನದಲ್ಲೇ ಆಗಬೇಕು ಎಂಬುದನ್ನು ಮೊದಲು ನೆನಪಿಡಿ. ಅವರು ಕೂಟಕ್ಕೆ ಕೊಡುತ್ತಿರುವುದು ಬಿಡುವಿನ ವೇಳೆಯನ್ನಲ್ಲ, ವಿಶ್ರಾಂತಿಯನ್ನು. ತಿಂಗಳಿಗೆ ಒಂದು ಶುಕ್ರವಾರ ಪ್ರತಿಯೊಬ್ಬರಿಗೂ ಬಿಡುವು ಸಿಗುವಂತೆ ಸರದಿ ಮಾಡಿ. ಕುಟುಂಬದೊಂದಿಗೆ ಇರುವವರು ಅವರನ್ನು ಮನೆಗೆ ಕರೆದು, ಊರಿನ ಅಡುಗೆಯನ್ನು ಮಾಡಿ ಬಡಿಸಿ. ಕೂಟದ ಕೆಲಸದ ಮಾತನ್ನು ಆ ಊಟದಲ್ಲಿ ಎತ್ತಬೇಡಿ.

ಇನ್ನೊಂದು ಕೆಲಸವಿದೆ. ಆ ಯುವಕನ ತಂದೆತಾಯಿಗೂ ಅವನ ಊರಿನ ಸಭಾಪಾಲಕರಿಗೂ ಒಂದು ಪತ್ರ ಬರೆಯಿರಿ. ಉಡುಪಿಯಲ್ಲೋ ಬೀದರಿನಲ್ಲೋ ಇರುವ ತಾಯಿಗೆ, ಮಗನು ದೂರ ದೇಶದಲ್ಲಿ ದೇವರ ಕೆಲಸಕ್ಕೆ ಮುಂದೆ ನಿಂತಿದ್ದಾನೆ, ಮುದುಕರನ್ನು ಕೈಹಿಡಿದು ವ್ಯಾನಿನಿಂದ ಇಳಿಸುತ್ತಾನೆ ಎಂದು ಅಲ್ಲಿನ ಹಿರಿಯರು ಬರೆದು ತಿಳಿಸಿದರೆ, ಅದು ಆ ಮನೆಗೆ ಎಷ್ಟು ದೊಡ್ಡ ಸಂತೋಷವೆಂದು ನಾನು ವಿವರಿಸಬೇಕಾಗಿಲ್ಲ. ಆ ಸುದ್ದಿ ತಾಯಿಯ ಬಾಯಿಂದಲೇ ಮಗನಿಗೆ ತಲುಪುತ್ತದೆ.

ಪ್ರಶ್ನೆ: ನಮ್ಮ ಸಭೆಯಲ್ಲಿ ಮೈಕು, ಪರದೆಯ ಮೇಲೆ ಹಾಡಿನ ಸಾಲು, ಆನ್‌ಲೈನ್ ಪ್ರಸಾರ ಇವನ್ನೆಲ್ಲ ಕಾಲೇಜಿನ ಮಕ್ಕಳು ನೋಡಿಕೊಳ್ಳುತ್ತಾರೆ. ಅವರಿಗೆ ಪ್ರಮಾಣಪತ್ರ ಕೊಡಬಹುದೇ?
– ಓದುಗರು, ಬೆಂಗಳೂರು

ಉತ್ತರ: ಧಾರಾಳವಾಗಿ ಕೊಡಿ, ಆದರೆ ಅಂಗಡಿಯಲ್ಲಿ ಅಚ್ಚು ಮಾಡಿಸಿದ ಒಂದೇ ನಮೂನೆಯದನ್ನಲ್ಲ. ಆ ಹುಡುಗ ಅಥವಾ ಹುಡುಗಿ ಯಾವ ಉಪಕರಣವನ್ನು ಎಷ್ಟು ಕಾಲ ನಿರ್ವಹಿಸಿದರು, ಯಾವ ಹೊಣೆಯನ್ನು ಹೊತ್ತರು ಎಂದು ಸಭೆಯ ಹಾಳೆಯಲ್ಲಿ ಬರೆದು ಸಭಾಪಾಲಕರು ಸಹಿ ಮಾಡಿದ ಪತ್ರವು ಮುಂದೆ ಕೆಲಸಕ್ಕೆ ಅರ್ಜಿ ಹಾಕುವಾಗಲೂ ಅವರಿಗೆ ಉಪಯೋಗಕ್ಕೆ ಬರುತ್ತದೆ. ಪರೀಕ್ಷೆಯ ತಿಂಗಳಲ್ಲಿ ನೀವೇ ಮುಂದಾಗಿ ಬಿಡುವು ಕೊಡಿ. ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್‌ನಲ್ಲಿ ಹಾಡಿನ ಪಟ್ಟಿಯನ್ನು ಬದಲಿಸಿ ಕಳುಹಿಸುವ ಅಭ್ಯಾಸವನ್ನು ಗಾಯಕವೃಂದದ ಹಿರಿಯರು ನಿಲ್ಲಿಸಲಿ. ಮತ್ತು, ಆರಾಧನೆಯ ನಡುವೆ ಮೈಕು ಕಿರ್ರೆಂದಾಗ ಸಭೆಯೆಲ್ಲ ಹಿಂದಕ್ಕೆ ತಿರುಗಿ ಆ ಮಕ್ಕಳನ್ನು ದುರುಗುಟ್ಟಿ ನೋಡುವುದನ್ನು ಬಿಡಬೇಕು. ಎಲ್ಲವೂ ಸರಿಯಾಗಿ ನಡೆದ ಭಾನುವಾರಗಳಲ್ಲಿ ಒಬ್ಬರೂ ತಿರುಗಿ ನೋಡಿರುವುದಿಲ್ಲ. ಆ ಭಾನುವಾರಗಳಲ್ಲಿ ಹೋಗಿ ಬೆನ್ನು ತಟ್ಟಿ.

ಪ್ರಶ್ನೆ: ನಮ್ಮ ಭಾನುವಾರ ಶಾಲೆಯ ಹಿರಿಯ ಶಿಕ್ಷಕಿಯೊಬ್ಬರಿಗೆ 70 ದಾಟಿದೆ. ಕಿವಿ ಮಂದವಾಗಿದೆ, ಮಕ್ಕಳು ಹೇಳುವುದು ಕೇಳಿಸುವುದಿಲ್ಲ, ತರಗತಿ ಗದ್ದಲವಾಗುತ್ತದೆ. ಈಗ ಪೋಷಕರಾಗಿರುವ ನಮ್ಮಲ್ಲಿ ಅನೇಕರಿಗೆ ಅವರೇ ಪಾಠ ಹೇಳಿದವರು. ಅವರನ್ನು ನೋಯಿಸದೆ ಬಿಡುಗಡೆ ಮಾಡುವುದು ಹೇಗೆ?
– ಭಾನುವಾರ ಶಾಲೆಯ ಮೇಲ್ವಿಚಾರಕರು, ಧಾರವಾಡ

ಉತ್ತರ: ನೋವು ಸ್ವಲ್ಪವಾದರೂ ಆಗಿಯೇ ಆಗುತ್ತದೆ, ಅವಮಾನವಾಗದಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ. ಅವರಿಗೆ ತಿಳಿಸದೆ ಹೊಸಬರ ಹೆಸರನ್ನು ಫಲಕದ ಮೇಲೆ ಬರೆಯಬೇಡಿ. ಸಮಿತಿಯ ತೀರ್ಮಾನವೆಂದು ಪತ್ರ ಕಳುಹಿಸಬೇಡಿ. ಅವರಿಂದ ಪಾಠ ಕಲಿತ ಒಬ್ಬರನ್ನು ಜೊತೆಗೆ ಕರೆದುಕೊಂಡು ನೀವೇ ಮನೆಗೆ ಹೋಗಿ, ಕಿವಿಯ ತೊಂದರೆಯನ್ನು ಮುಚ್ಚುಮರೆಯಿಲ್ಲದೆ, ಮೃದುವಾಗಿ ಹೇಳಿ. ಗಟ್ಟಿಯಾಗಿ ಹೇಳಬೇಕಾಗುತ್ತದೆಂಬ ಕಾರಣಕ್ಕೆ ಒರಟಾಗಿ ಹೇಳಬೇಡಿ. ಅವರಿಗೆ ಶ್ರವಣಸಾಧನ ಬೇಕಾಗಿದ್ದು ಕೊಳ್ಳುವ ಶಕ್ತಿ ಇಲ್ಲದಿದ್ದರೆ, ಅವರ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಕೊಡಿಸುವುದು ಶಾಲಿಗಿಂತ ಸಾವಿರ ಪಾಲು ಮೇಲು. ಅದರಿಂದಲೇ ತೊಂದರೆ ನೀಗಿ ಅವರು ಇನ್ನೂ ಕೆಲವು ಕಾಲ ಮುಂದುವರಿಯುವಂತಾದರೂ ಆಶ್ಚರ್ಯವಿಲ್ಲ. ಬಿಡುಗಡೆಯ ಮಾತಿಗೆ ಮೊದಲು ಇದನ್ನು ವಿಚಾರಿಸಿ.

ತರಗತಿಯನ್ನು ಬಿಡಲೇಬೇಕಾದರೂ ಸೇವೆಯಿಂದ ಹೊರಗೆ ಹಾಕಬೇಡಿ. ದಾವೀದನು ಅಮಾಲೇಕ್ಯರನ್ನು ಬೆನ್ನಟ್ಟಿದಾಗ ಅವನೊಂದಿಗಿದ್ದ 600 ಮಂದಿಯಲ್ಲಿ 200 ಮಂದಿ ಬೆಸೋರ್ ಹಳ್ಳವನ್ನು ದಾಟಲಾರದಷ್ಟು ದಣಿದು ಸಾಮಾನಿನ ಬಳಿಯಲ್ಲೇ ಉಳಿದರು. ಗೆದ್ದು ಬಂದವರಲ್ಲಿ ಕೆಲವರು ಅವರಿಗೆ ಕೊಳ್ಳೆಯಲ್ಲಿ ಪಾಲು ಕೊಡಬಾರದೆಂದಾಗ, ಯುದ್ಧಕ್ಕೆ ಹೋದವರಿಗೂ ಸಾಮಾನು ಕಾದವರಿಗೂ ಸಮಪಾಲು ಎಂದು ದಾವೀದನು ತೀರ್ಪು ಕೊಟ್ಟನು. ಅದು ಇಸ್ರಾಯೇಲಿನಲ್ಲಿ ಕಟ್ಟಳೆಯಾಯಿತು. ನಿಮ್ಮ ಶಿಕ್ಷಕಿಯೂ ಹಾಗೆಯೇ ತಂಡದವರಾಗಿ ಉಳಿಯಲಿ. ಶಿಕ್ಷಕರ ಸಭೆಗೆ ಅವರನ್ನು ಕರೆಯಿರಿ, ಹೊಸ ಶಿಕ್ಷಕರಿಗೆ ಪಾಠದ ತಯಾರಿಯನ್ನು ಹೇಳಿಕೊಡಲಿ, ಪ್ರತಿ ಮಗುವಿನ ಹೆಸರು ಬರೆದ ಪಟ್ಟಿಯನ್ನು ಅವರ ಕೈಗೆ ಕೊಟ್ಟು ದಿನವೂ ಪ್ರಾರ್ಥಿಸಲು ಕೇಳಿಕೊಳ್ಳಿ. ಆಮೇಲೆ ಮಕ್ಕಳ ಪರೀಕ್ಷೆ ಹೇಗಾಯಿತು, ಕಾಯಿಲೆ ವಾಸಿಯಾಯಿತೇ ಎಂಬ ಸುದ್ದಿಯನ್ನು ಅವರಿಗೆ ತಿಳಿಸುತ್ತಲೂ ಇರಿ. ಸುದ್ದಿ ಕೊಡದೆ ಪ್ರಾರ್ಥನೆ ಮಾತ್ರ ಕೇಳುವುದು ಮುದುಕರನ್ನು ಮೂಲೆಗೆ ಕೂರಿಸುವ ಇನ್ನೊಂದು ಬಗೆಯಷ್ಟೇ.

ಅವರ ನೆನಪುಗಳನ್ನು ಬರೆದಿಡುವ ಕೆಲಸವೂ ಆಗಲಿ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರೆಂಬುದು ನಮಗೆ ಗೊತ್ತು. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರತಂದ ಮೋಗ್ಲಿಂಗ್, 1894ರಲ್ಲಿ ಕನ್ನಡ ನಿಘಂಟನ್ನು ಕೊಟ್ಟ ಕಿಟ್ಟೆಲ್ ನಮ್ಮ ಶಾಲಾ ಮಕ್ಕಳಿಗೂ ಪರಿಚಿತರು, ಅದು ನ್ಯಾಯವೇ. ಆದರೆ ಅದೇ ಕಾಲದಿಂದ ಮನೆಮನೆಗೆ ಹೋಗಿ ಹೆಂಗಸರಿಗೆ ಸತ್ಯವೇದವನ್ನು ಓದಿ ಹೇಳಿದ, ಮಕ್ಕಳನ್ನು ಕೂರಿಸಿಕೊಂಡು ಅಕ್ಷರ ಕಲಿಸಿದ ನಮ್ಮ ನಾಡಿನ ಸ್ತ್ರೀಯರಲ್ಲಿ ಎಷ್ಟು ಮಂದಿಯ ಹೆಸರನ್ನು ಇಂದಿನ ಸಭಿಕರು ಹೇಳಬಲ್ಲರು? ನಿಮ್ಮ ಶಿಕ್ಷಕಿಯ ವಿಷಯದಲ್ಲಿ ಹಾಗಾಗುವುದು ಬೇಡ. ಇಬ್ಬರು ಯುವಜನರು ಅವರ ಬಳಿ ಕುಳಿತು, ಯಾವ ವರ್ಷ ಸೇರಿದರು, ಆಗ ತರಗತಿ ಎಲ್ಲಿ ನಡೆಯುತ್ತಿತ್ತು, ಯಾವ ಯಾವ ಮಕ್ಕಳಿದ್ದರು ಎಂಬುದನ್ನೆಲ್ಲ ಕೇಳಿ ಬರೆದುಕೊಳ್ಳಲಿ. ಅದನ್ನು ಸಭೆಯ ದಾಖಲೆಗಳೊಂದಿಗೆ ಇಡಿ, ಮುಂದೆ ಸ್ಮರಣ ಸಂಚಿಕೆ ತರುವಾಗ ಅಚ್ಚು ಮಾಡಿಸಿ, ಒಂದು ಪ್ರತಿಯನ್ನು ಅವರಿಗೇ ಕೊಡಿ. ಅವರು ಓದಲು ಕಷ್ಟಪಟ್ಟರೆ, ಪಕ್ಕದಲ್ಲಿ ಕುಳಿತು, ಅವರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಓದಿ ಹೇಳಿ.